ಕೆಂಪು ಕಾರ

ಚಿಕ್ಕೇರೂರು
ತಾ. ೫-೨-೧೯೬೨

ಚಿ. ಕು. ಮಾದೇವಿಗೆ ನಿನ್ನ ಅಪ್ಪ ಉಳಿವೆಪ್ಪ ಮಾಡುವ ಆಶೀರ್ವಾದ.

ನಾವೆಲ್ಲ ಇಲ್ಲಿ ಆರಾಮ. ಧಾರವಾಡದ ಥಂಡಿಯಲ್ಲಿ ನೀನೂ ಮೈ ಕಾಯ್ದುಕೊಂಡಿದ್ದೀ ಎಂದು ನಂಬಿದ್ದೇನೆ. ನಿನ್ನ ಕಾರ್ಡು ಬಂದು ಇಪ್ಪತ್ತಮೂರು ದಿನವಾಯಿತು. ಉತ್ತರಕ್ಕೆ ಇಷ್ಟು ತಡವಾಯಿತೆಂದು ಸಿಟ್ಟಾಗಬೇಡ. ಕಾರಣ ಕೇಳಿದರೆ ಕುಣಿದಾಡುತ್ತೀ. ಆದರೆ ಎಲ್ಲವನ್ನೂ ಕ್ರಮವಾಗಿ ಹೇಳುತ್ತೇನೆ. ಮುಲ್ಕಿ ಪರೀಕ್ಷೆ ಪಾಸಾದವನು ನಾನು, ಬಾಲದಿಂದ ಶುರುಮಾಡುವ ರೂಢಿಯಿಲ್ಲ.

ಹನ್ನೊಂದು ತಿಂಗಳ ಮೇಲೆ ನಿನ್ನ ಅಕ್ಷರ ನೋಡಿದೆ. ಅವ್ವನನ್ನು ಮಣ್ಣು ಮಾಡಿದ ಮೂರನೆಯ ದಿನ ಬಸ್ಸು ಹತ್ತಿದವಳು ನೀನು, ದೀಪಾವಳಿಗೂ ಬರಲಿಲ್ಲ, ಒಂದು ಸಾಲು ಬರೆಯಲಿಲ್ಲ. ತಿಂಗಳಿಗೊಮ್ಮೆ ಮನಿಆರ್ಡರಿನ ಪಾವತಿ ಚೀಟಿಯಲ್ಲಿ ನಿನ್ನ ಸಹಿ ಬರುತ್ತಿತ್ತು. ಅದನ್ನು ನೋಡಿ ಮಗಳು ಇದ್ದಾಳೆ ಎಂದುಕೊಳ್ಳುತ್ತಿದ್ದೆ. ಈಗ ಕಾರ್ಡು ಬಂತು, ಅದರಲ್ಲಿ ನೀನು ನನ್ನ ಹತ್ತಿರ ಏನೋ ಕೇಳಿದ್ದೀ. ಕೇಳಿದ್ದನ್ನು ಕೊಟ್ಟರೆ ಮನೆಗೆ ಬಂದಾಳು ಎಂಬ ಆಸೆ ಹುಟ್ಟಿತು. ನೀನು ಆನೆ ಕೇಳಿದ್ದರೂ ತರುತ್ತಿದ್ದೆ.

ಕಾರ್ಡನ್ನು ನನಗಿಂತ ಮೊದಲು ಟಪಾಲಿನ ಗುಡ್ಡಪ್ಪ ಓದಿದ್ದ, ಅದು ಅವನ ಹಕ್ಕು ಇದ್ದಂತೆ. ಊರ ಅಗಸಿ ಬಾಗಿಲಲ್ಲೇ ನಿಂತು, "ಮಗಳು ಮೋಟಾರು ಕೇಳ್ಯಾಳ್ರಿ, ಕೆಂಪುದು" ಎಂದು ಹತ್ತು ಮಂದಿಯ ಮುಂದೆ ಹೇಳಿ ಕೈಗೆ ಕೊಟ್ಟ. ಓದಿದೆ. ಅವನು ಹೇಳಿದ್ದು ಸುಳ್ಳಲ್ಲ. "ಅಪ್ಪಗ ನಮಸ್ಕಾರ. ನನ್ನ ಕೊಕೊ ತಂಡಕ್ಕ ಆರಿಸ್ಯಾರ. ಇಲ್ಲಿ ಹಾಸ್ಟೆಲಿನ ಹುಡುಗ್ಯಾರು ಎಲ್ಲಾರೂ ತಮ್ಮ ತಮ್ಮ ಊರಿಂದ ಕಾರ ತರಿಸ್ಯಾರ. ನನಗೂ ಕೆಂಪು ಕಾರ ಬೇಕಾಗೈತಿ. ಹೊಸಾದು ಬ್ಯಾಡ, ಹಳೇದ ನಡೀತೈತಿ." ಇಷ್ಟೇ. ಖೊಖೊ ಎನ್ನುವುದನ್ನು ಕೊಕೊ ಎಂದು ಬರೆದಿದ್ದೀ, ಅದನ್ನು ಕೆಂಪು ಪೆನ್ಸಿಲಿನಿಂದ ತಿದ್ದಿದ್ದೇನೆ. ಬಿ.ಎ. ಓದುವ ಹುಡುಗಿ ಒಂದು ಖಕಾರವನ್ನು ಹೀಗೆ ಕಳೆದುಕೊಳ್ಳಬಾರದು. ಆದರೆ ಅಪ್ಪನಿಗೆ ಭಾರವಾದೀತೆಂದು ಹಳೆಯದೇ ಸಾಕೆಂದೆಯಲ್ಲ, ಅದನ್ನು ಓದಿ ಕಣ್ಣು ಒರೆಸಿಕೊಂಡೆ.

ಮರುದಿನವೇ ಸವಣೂರಿಗೆ ಹೋಗಿ ಮೋಟಾರು ರಿಪೇರಿಯ ಪೀರಸಾಬನನ್ನು ಹಿಡಿದೆ. ಅವನು ನನ್ನನ್ನು ಮೊದಲು ಶಿಗ್ಗಾಂವಿಗೆ ಕರೆದೊಯ್ದು ಒಂದು ಕಾರು ತೋರಿಸಿದ. ಚೆನ್ನಾಗಿತ್ತು, ಆದರೆ ಕಪ್ಪು. ಬಣ್ಣ ಬಳಿದು ಕೊಡುತ್ತೇನೆಂದ. ಮಗಳಿಗೆ ಮೋಸ ಮಾಡುವುದಿಲ್ಲ ಎಂದು ಎದ್ದು ಬಂದೆ. ಕೊನೆಗೆ ಹಾನಗಲ್ಲಿನ ಕಟ್ಟಿಗೆ ವ್ಯಾಪಾರಿ ಖಾದರಸಾಬರ ಅಡ್ಡೆಯಲ್ಲಿ, ಸಾಗವಾನಿ ತೊಲೆಗಳ ಹಿಂದೆ ಒಂದು ಸಿಕ್ಕಿತು. ಯಾವನೋ ವಿಲಾಯತಿ ಸಾಹೇಬ ದೇಶ ಬಿಡುವಾಗ ಬಿಟ್ಟುಹೋದದ್ದು. ಹೆಸರಿನ ತಗಡು ಉದುರಿ ಹೋಗಿತ್ತು. ಕೆಂಪೆಂದರೆ ಅಪ್ಪಟ ಕೆಂಪು.

"ಗೌಡ್ರ, ಇದು ಸ್ಪೋರ್ಟ್ಸ್ ಕಾರು" ಎಂದ ಪೀರಸಾಬ. ಸ್ಪೋರ್ಟ್ಸ್ ಎಂದರೆ ಆಟೋಟ ಎಂಬುದು ನನಗೆ ಗೊತ್ತು. ನೀನು ಖೊಖೊ ಆಡುವವಳು. ಆಟದವರಿಗೆಂದೇ ಮಾಡಿದ ಕಾರು ಇದೆಯೆಂದಾಗ ಇನ್ನು ಯೋಚಿಸುವುದೇನಿದೆ? ಖಾದರಸಾಬರಿಗೆ ದುಡ್ಡು ಬೇಡವಾಗಿತ್ತು, ನಮ್ಮ ಹೋರಿ ಬೇಕಾಗಿತ್ತು. ದೀಪಾವಳಿಯ ಹೋರಿ ಓಟದಲ್ಲಿ ಎರಡು ವರ್ಷ ಯಾರಿಗೂ ಕೊರಳಿನ ಕೊಬ್ಬರಿ ಮುಟ್ಟಗೊಡದೆ ಓಡಿದ ಸರದಾರ ಅದು, ನಿನಗೇ ಗೊತ್ತು. ಹಗ್ಗ ಕೈಗಿಟ್ಟು, ಹಿಂದೆ ನೋಡದೆ ಬಂದೆ. ಓಡುವುದನ್ನು ಕೊಟ್ಟು ಓಡುವುದನ್ನೇ ತಂದೆ ಎಂದು ಸಮಾಧಾನ ಮಾಡಿಕೊಂಡೆ. ತಿಳವಳ್ಳಿ ದಾಟುವ ತನಕ ಆ ಸಮಾಧಾನ ಇತ್ತು. ಅಲ್ಲಿಂದ ಮುಂದೆ ಕಾರನ್ನು ಎರಡು ಎತ್ತುಗಳು ಎಳೆದು ತಂದವು.

ಕಾರಿನ ಗುಣವನ್ನೂ ಹೇಳಬೇಕು. ಎರಡೇ ಮಂದಿ ಕೂಡುವ ಜಾಗ. ಮೇಲೆ ಛತ್ತಿಲ್ಲ. ಒಳಗೆ ಬಾಣಂತಿಯ ಹಾಗೆ ಕಾಲು ಚಾಚಿ ಕೂಡಬೇಕು. ಕೂತರೆ ಬೀದಿಯ ಆಡುಗಳು ನಮ್ಮನ್ನು ಬಗ್ಗಿ ನೋಡುತ್ತವೆ. ಎಡಕ್ಕೆ ತಿರುಗಿದಾಗ ಬಲಗಡೆಯ ಬಾಗಿಲು ತಾನೇ ತೆರೆಯುತ್ತದೆ, ಅದಕ್ಕೆ ಪೀರಸಾಬ ಹಗ್ಗ ಕಟ್ಟಿದ್ದಾನೆ. ಮೂತಿ ಮಾತ್ರ ಬಲು ಉದ್ದ, ಅರ್ಧ ಕಾರು ಮೂತಿಯೇ. ಊರಿಗೆ ಊರೇ ಬಂದು ನೋಡಿ ಹೋಯಿತು. ಹೆಣ್ಣುಮಗಳಿಗೆ ಮೋಟಾರು ಕೊಡಿಸಿದ ಎಂದು ಕೆಲವರು ಕಟ್ಟೆಯ ಮೇಲೆ ನಕ್ಕರಂತೆ. ನಗಲಿ. ನೋಡದೇ ಉಳಿದವಳು ನಿನ್ನ ಅತ್ತಿ ಕರೆವ್ವ ಒಬ್ಬಳೇ. ಸರದಾರ ಹೋದನೆಂದು ಅಕ್ಕ ಮೂರು ದಿನದಿಂದ ನನ್ನ ಸಂಗಡ ಮಾತು ಬಿಟ್ಟಿದ್ದಾಳೆ. ಮುಂಜಾನೆಗೆ ನಿನ್ನ ಕಾರ್ಡನ್ನು ಓದಿ ಹೇಳಿ ಆಕೆಯ ಬಾಯಿ ಮುಚ್ಚಿಸುತ್ತೇನೆ.

ತಾ. ೯-೨-೧೯೬೨

ಮಾದೇವಿ, ಮೇಲೆ ಬರೆದದ್ದನ್ನೆಲ್ಲ ಹರಿದು ಹಾಕಬೇಕೆಂದಿದ್ದೆ. ಕೈ ಬರಲಿಲ್ಲ. ಅಪ್ಪ ಎಂಥವನೆಂದು ನಿನಗೂ ತಿಳಿಯಲಿ ಎಂದು ಹಾಗೆಯೇ ಕಳಿಸುತ್ತಿದ್ದೇನೆ.

ಅದನ್ನು ಬರೆದ ಮರುದಿನ ಮುಂಜಾನೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಎದುರಿಗೆ ಕೂತು, ನಿನ್ನ ಕಾರ್ಡನ್ನು ಗಟ್ಟಿಯಾಗಿ ಓದಿದೆ. ರೊಟ್ಟಿಯ ಸಪ್ಪಳ ನಿಂತಿತು. ಇನ್ನೊಮ್ಮೆ ಓದು ಎಂದಳು. ಓದಿದೆ. ಆಕೆಗೆ ಅಕ್ಷರ ಬರುವುದಿಲ್ಲ. ಕೆಂಪು ಪೆನ್ಸಿಲಿನ ತಿದ್ದುಪಡಿಯನ್ನೂ ತೋರಿಸಹೋದೆ. ಕೈಯ ಹಿಟ್ಟು ಒರೆಸಿಕೊಂಡು ನನ್ನನ್ನೇ ನೋಡಿದಳು.

"ತಮ್ಮಾ, ಕೂಸು ಕೇಳಿದ್ದು ತಿನ್ನೋ ಖಾರ. ನೀ ತಂದದ್ದು ಕುಂದ್ರೋ ಕಾರು."

ಹಾಸ್ಟೆಲಿನ ಸಪ್ಪನೆಯ ಸಾರಿನ ಮುಂದೆ ಕೂತು, ಮಗಳು ಮೆಣಸಿನಕಾಯಿ ಪುಡಿ ಕೇಳಿದರೆ, ಬ್ಯಾಡಗಿಯ ಮಗ್ಗುಲಲ್ಲೇ ಹುಟ್ಟಿ ಬೆಳೆದ ಅಪ್ಪ ಹೋರಿ ಕೊಟ್ಟು ಮೋಟಾರು ತಂದ. ಕೊಕೊದಲ್ಲಿ ಕಳೆದ ಖಕಾರವನ್ನು ಹುಡುಕಿ ತಿದ್ದಿದವನು, ಎರಡು ಸಾಲು ಕೆಳಗೆ ಅದೇ ಖಕಾರ ಕಳೆದಿದ್ದನ್ನು ಕಾಣಲಿಲ್ಲ. ಮುಲ್ಕಿ ಪರೀಕ್ಷೆಯ ಸರ್ಟಿಫಿಕೇಟನ್ನು ಗೋಡೆಯಿಂದ ಇಳಿಸಿದ್ದೇನೆ. ಅಕ್ಕ ನಗಲು ಶುರು ಮಾಡಿದವಳು ಸೆರಗು ಬಾಯಿಗಿಟ್ಟುಕೊಂಡು ಹಿತ್ತಲಿಗೆ ಹೋದಳು; ಮೂರು ದಿನದ ಮೌನಕ್ಕೆ ಬಡ್ಡಿ ಸೇರಿಸಿ ನಕ್ಕಳು.

ಆಮೇಲೆ ತಿರುಗಿ ಬಂದು ಮೆಲ್ಲಗೆ ಕೇಳಿದಳು: "ಹೊಸಾದು ಬ್ಯಾಡ ಅಂದಾಳಲ್ಲ, ಅದಾದ್ರೂ ತಿಳೀಲಿಲ್ಲೇನು ನಿನಗ? ಹೊಸಾದು ಈ ಸಲ ನಾ ಕುಟ್ಟಿದ್ದು. ಹಳೇದು ಕೂಸಿನವ್ವ ಶಂಕ್ರವ್ವನ ಕೈಯಾಂದು."

ಆಗ ನನಗೆ ಹೊಳೆಯಿತು. ನೀನು ತಪ್ಪು ಬರೆದಿರಲಿಲ್ಲ. ನಿನ್ನ ಅವ್ವನ ಬಾಯಲ್ಲಿ ಖ ಎನ್ನುವುದು ಒಮ್ಮೆಯೂ ಹೊರಳಿರಲಿಲ್ಲ. ಇಪ್ಪತ್ತು ವರ್ಷ ನಾನು ತಿದ್ದಿದೆ, ಇಪ್ಪತ್ತು ವರ್ಷ ಆಕೆ "ಕಾರ ಹಾಕ್ಲೇನ್ರಿ" ಎಂದೇ ಕೇಳಿದಳು. ನೀನು ಆಕೆಯ ಬಾಯಿಂದ ಬರೆದಿದ್ದೀ. ಇನ್ನು ಆ ಕಾರ್ಡನ್ನು ತಿದ್ದುವುದಿಲ್ಲ. ಪೆನ್ಸಿಲಿನ ಗುರುತನ್ನೂ ಅಳಿಸಿದ್ದೇನೆ, ಸ್ವಲ್ಪ ಕಾಗದ ಹರಿದಿದೆ.

ಕಾರನ್ನು ಖಾದರಸಾಬರು ವಾಪಸು ತೆಗೆದುಕೊಳ್ಳುವುದಿಲ್ಲ. ನಡೆದದ್ದು ಕೇಳಿ ತೊಲೆಯ ಮೇಲೆ ಕೂತು ಬಹಳ ಹೊತ್ತು ನಕ್ಕರೆಂದು ಪೀರಸಾಬ ಬಂದು ಹೇಳಿದ. ದೀಪಾವಳಿಗೆ ಸರದಾರನನ್ನು ಚಿಕ್ಕೇರೂರಿನ ಹೆಸರಿನಲ್ಲೇ ಓಡಿಸುತ್ತಾರಂತೆ, ಅದೊಂದು ಮರ್ಯಾದೆ ಉಳಿಸಿದರು. ಕಾರು ಈಗ ಹಿತ್ತಲಲ್ಲಿದೆ. ಅದರ ಉದ್ದ ಮೂತಿ ಮಧ್ಯಾಹ್ನದ ಬಿಸಿಲಿಗೆ ಹೆಂಚಿನಂತೆ ಕಾಯುತ್ತದೆ ಎಂದು ಕಂಡುಕೊಂಡ ಅಕ್ಕ ಅದರ ಮೇಲೆ ಮೆಣಸಿನಕಾಯಿ ಹರವಿದ್ದಾಳೆ. ಇಷ್ಟು ಚೆನ್ನಾಗಿ ಒಣಗಿದ್ದು ತನ್ನ ಜನ್ಮದಲ್ಲಿ ನೋಡಿಲ್ಲವಂತೆ. ಕೆಂಪಿನ ಮೇಲೆ ಕೆಂಪು, ಎಲ್ಲಿ ಕಾರು ಮುಗಿದು ಎಲ್ಲಿ ಖಾರ ಶುರುವಾಗುತ್ತದೆ ಎಂದು ದೂರದಿಂದ ತಿಳಿಯುವುದಿಲ್ಲ.

ಅಭ್ಯಾಸ ಚೆನ್ನಾಗಿ ಮಾಡು. ಖೊಖೊ ಆಡುವಾಗ ಮೊಣಕಾಲು ಜೋಕೆ. ನೀನು ನೂರು ಕಾಲ ನಗುನಗುತ್ತ ಬಾಳಬೇಕೆಂದು ಹರಸುವ

ನಿನ್ನ ಅಪ್ಪ
ಉಳಿವೆಪ್ಪ

ತಾ.ಕ.: ಅವ್ವ ಹೋದಾಗ ನಿನಗೆ ಒಂದು ಮಾತು ಹೇಳಿದ್ದೆ, "ಪರೀಕ್ಷಾ ಬಿಡಿಸಿ ಕೂಸಿನ್ನ ಕರಸಬ್ಯಾಡ್ರಿ ಅಂತ ನಿಮ್ಮವ್ವನ ಅಂದಿದ್ಲು" ಎಂದು. ಅದು ಸುಳ್ಳು. ಆಕೆ ಕೊನೆಯ ಮೂರು ದಿನವೂ "ಮಾದೇವಿ ಬಂದ್ಲೇನ್ರಿ" ಎಂದು ಕೇಳಿದಳು. ನಾಳೆ ಬರುತ್ತಾಳೆ ಎಂದು ನಾನು ಹೇಳಿದೆ, ನೀನು ಬರಬೇಕೆಂದು ತಂತಿ ಮಾತ್ರ ಕಳಿಸಲಿಲ್ಲ. ನಿನ್ನ ಪರೀಕ್ಷೆ ಮುಗಿಯಲು ನಾಲ್ಕು ದಿನ ಉಳಿದಿತ್ತು. ಆಕೆ ಅಲ್ಲಿಯ ತನಕ ಇರುತ್ತಾಳೆ ಎಂದುಕೊಂಡಿದ್ದೆ. ಅವ್ವ ನಿನ್ನನ್ನು ಬೇಡವೆನ್ನಲಿಲ್ಲ, ಮಗಳೇ. ಸಿಟ್ಟು ಮಾಡುವುದಿದ್ದರೆ ನನ್ನ ಮೇಲೆ ಮಾಡು.

ಆಕೆ ಕುಟ್ಟಿದ ಖಾರ ಭರಣಿಯ ತಳದಲ್ಲಿ ಎರಡು ಹಿಡಿಯಷ್ಟಿದೆ. ಅಕ್ಕನಿಗೆ ಕಾಣದಂತೆ ದಿನಾ ಒಂದು ಚಿಟಿಕೆ ನಾನೇ ರೊಟ್ಟಿಗೆ ಹಚ್ಚಿಕೊಂಡು ತಿನ್ನುತ್ತಿದ್ದೆ, ಇಂದಿನಿಂದ ನಿಲ್ಲಿಸಿದ್ದೇನೆ. ಒಂದು ಹಿಡಿಯನ್ನು ಡಬ್ಬಿಗೆ ಹಾಕಿ ಪೀರಸಾಬನ ಕೈಯಲ್ಲಿ ಕಳಿಸುತ್ತಿದ್ದೇನೆ. ಇನ್ನೊಂದು ಹಿಡಿಯನ್ನು ಕಳಿಸುವುದಿಲ್ಲ. ಅದನ್ನು ನೀನೇ ಬಂದು ತಿನ್ನಬೇಕು.