ಸಿಂಪಿಗೆ ತೂತು ಕೊರೆದವರು ಯಾರು?

ದೊಡ್ಡಬಳ್ಳಾಪುರ
೧೪ ನವೆಂಬರ್ ೧೯೯೭, ಶುಕ್ರವಾರ

ಪ್ರೀತಿಯ ಅರುಣಾ,

ನಾವೆಲ್ಲ ಚೆನ್ನಾಗಿದ್ದೀವಿ. ನೀನಿಲ್ಲದೆ ಮನೆ ಸಪ್ಪೆ, ನಿನ್ನ ಕಡಲನೀರಿನ ಗಾಜಿನ ತೊಟ್ಟಿಯೊಂದೇ ಉಪ್ಪು. ಮೂರು ಕಾಗದ ಬರೆದರೂ ಉತ್ತರವಿಲ್ಲ ಅಂತ ಮುನಿಸಿಕೊಂಡಿರ್ತೀಯ. ದಿನವೆಲ್ಲ ಸೀರೆಯ ಅಂಚು ನೋಡುವವನಿಗೆ ಅಂಚೆ ಮರೆತುಹೋಯಿತು, ಕ್ಷಮಿಸು. ಮೂರರಲ್ಲೂ ನೀನು ಕೇಳಿದ್ದು ಎರಡೇ ಪ್ರಶ್ನೆ: ಸಿಂಪಿಗಳು ಹೇಗಿವೆ? ಸಂಶೋಧನಾ ಕೇಂದ್ರದಿಂದ ಸಂದರ್ಶನದ ಕಾಗದ ಬಂತಾ? ಮೊದಲು ಸಿಂಪಿಯ ವಿಷಯ ಹೇಳಿಬಿಡ್ತೀನಿ.

ನೀನು ಒಂಬತ್ತು ಬಿಟ್ಟುಹೋಗಿದ್ದೆ. ಈಗ ಐದಿವೆ. ತಡಿ, ಬೈಗುಳವನ್ನು ಕೊನೇವರೆಗೂ ಹಿಡಿದಿಟ್ಟುಕೋ.

ನೀನು ಮಂಗಳೂರಿನ ತರಬೇತಿಗೆ ಹೋದ ಹತ್ತನೇ ದಿನ ಒಂದು ಸಿಂಪಿ ಬಾಯಿ ತೆರೆದು ಬಿದ್ದಿತ್ತು. ತೆಗೆದು ನೋಡಿದರೆ ಚಿಪ್ಪಿನ ಮೇಲೆ ದುಂಡನೆಯ ಸಣ್ಣ ತೂತು, ದಬ್ಬಳ ಹಾಕಿ ಕೊರೆದ ಹಾಗೆ. ಮುಂದಿನ ವಾರ ಇನ್ನೊಂದು. ನಿನ್ನ ಪ್ರಬಂಧ ನಿಂತಿರುವುದೇ ಆ ಸಿಂಪಿಗಳ ಮೇಲೆ ಅಂತ ಗೊತ್ತಿದ್ದ ನನಗೆ ಊಟ ಸೇರಲಿಲ್ಲ. ಅನುಮಾನವೆಲ್ಲ ಬಸವನಹುಳುಗಳ ಮೇಲೆ. ನೀನು ತಂದ ಹವಳದ ಕಲ್ಲಿನ ಸಂದಿಯಲ್ಲಿ ಟಿಕೆಟ್ಟಿಲ್ಲದೆ ಬಂದು ನಮ್ಮ ಮಗ್ಗದ ಮಗ್ಗುಲಲ್ಲೇ ಬಿಡಾರ ಹೂಡಿದವು ತಾನೆ?

ಅಮ್ಮ ಎಳೆ ಎಣಿಸುವ ಭೂತಗನ್ನಡಿ ಹಿಡಿದು ಪಂಚಾಯ್ತಿಗೆ ಕೂತಳು. ಸೊಣ್ಣಪ್ಪ ಮಗ್ಗ ನಿಲ್ಲಿಸಿ ಬಂದ.

"ಲೇ ಯೋಗ, ಇದನ್ನ ನೋಡೋ! ಜರಿ ಅಂಚು, ಮೈತುಂಬ ಬುಟ್ಟಾ. ಒಳ್ಳೇ ಮನೆತನದ್ದು ಕಣೋ. ಆ ಬೂದುಬಣ್ಣದವು ನೋಡು, ಬರೀ ಸೆಕೆಂಡ್ಸ್ ಮಾಲು," ಅಂದಳು ಅಮ್ಮ.

"ಹೌದಣ್ಣಾ, ಗಾಜಿಗೆ ಅಂಟ್ಕಂಡು ನೆಕ್ತಾನೇ ಇರ್ತವೆ. ಬೆಳಗಿಂದ ಸಂಜೆಗಂಟ ತಿನ್ನೋವೇ ಕಳ್ರು," ಅಂದ ಸೊಣ್ಣಪ್ಪ.

ಬಿಎ ಓದಿದ ನಾನೂ ತಲೆಯಾಡಿಸಿದೆ. ಸೀರೆ ಮಡಿಸುವ ಹಲಗೆಯ ಮೇಲೆ ಎರಡು ಗುಂಪು ಮಾಡಿದೆವು. ಅಂದವಾದ ಎರಡೂ ತೊಟ್ಟಿಗೆ ವಾಪಸ್ಸು, ಬೂದುಬಣ್ಣದ ಏಳು ಹೊರಗೆ. ಅಮ್ಮನಿಗೆ ಕನಿಕರ, ಬಕೆಟ್ ನೀರಿಗೆ ಅಡುಗೆಮನೆಯ ಉಪ್ಪು ಕರಗಿಸಿ ಬಿಟ್ಟಳು. ನಾಲ್ಕು ಸತ್ತವು. ತೊಟ್ಟಿಯ ಗಾಜಿಗೆ ಹಸಿರು ಪಾಚಿ ಕಟ್ಟಿತು. ಸಿಂಪಿಗಳು ಸಾಯುವುದಂತೂ ನಿಲ್ಲಲಿಲ್ಲ.

ಹೋದ ವಾರ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮಗ್ಗಗಳೆಲ್ಲ ಬಾಯಿ ಮುಚ್ಚಿದವು. ಸೊಣ್ಣಪ್ಪ ಸೈಕಲ್ ಪಂಪಿನಿಂದ ತೊಟ್ಟಿಗೆ ಗಾಳಿ ಹೊಡೆಯುತ್ತಿದ್ದ, ನಾನು ಭೂತಗನ್ನಡಿ ಹಿಡಿದು ಕೂತಿದ್ದೆ. ಜರಿ ಅಂಚಿನ ಮಹಾಶಯ ಒಂದು ಸಿಂಪಿಯ ಮೇಲೆ ಅಲ್ಲಾಡದೆ ಕೂತಿದ್ದ. ಧ್ಯಾನ ಅಂದುಕೊಂಡೆ. ಮೆಲ್ಲಗೆ ಎತ್ತಿದರೆ ಅಡಿಯಲ್ಲಿ ಅರ್ಧ ಕೊರೆದ ತೂತು!

ಆಮೇಲೆ ನಿನ್ನ ನೋಟ್‌ಬುಕ್ ತೆಗೆದೆ. ಎರಡನೇ ಪುಟದಲ್ಲೇ ಬರೆದಿಟ್ಟಿದ್ದೀಯಲ್ಲ ಮಾರಾಯ್ತಿ: ಬಣ್ಣ ನಂಬಬಾರದು, ಚಿಪ್ಪಿನ ಬಾಯಿ ನೋಡಬೇಕು. ಬಾಯಿ ದುಂಡಗಿದ್ದರೆ ಸಾಮಾನ್ಯವಾಗಿ ಪಾಚಿ ಮೇಯುವಂಥದ್ದು; ಬಾಯಂಚು ದೋಣಿಯಂತೆ ಮುಂದೆ ಚಾಚಿ, ಅಲ್ಲಿಂದ ಸೊಂಡಿಲಿನಂಥ ಕೊಳವೆ ಆಡುತ್ತಿದ್ದರೆ ಹೆಚ್ಚಾಗಿ ಮಾಂಸಾಹಾರಿ. ನಮ್ಮ ಮಹಾಶಯನಿಗೆ ಕೊಳವೆಯೂ ಇತ್ತು, ಕೊರೆತವೂ ಇತ್ತು. ನಾವು ಬಾಯಿ ಬಿಟ್ಟು ಬುಟ್ಟಾ ನೋಡಿದೆವು. ಅವೆರಡನ್ನೂ ಬೇರೆ ಜಾಡಿಯಲ್ಲಿಟ್ಟಿದ್ದೇನೆ. ಬದುಕುಳಿದ ಮೂರು ಬೂದುಬಸವರು ಮತ್ತೆ ಗಾಜು ಉಜ್ಜುತ್ತಿದ್ದಾರೆ. ಅಮ್ಮ ಅವಕ್ಕೆ ಕೇಳಿಸುವ ಹಾಗೆ "ತಪ್ಪಾಯ್ತಪ್ಪಾ" ಅಂದಳು.

ಇನ್ನೊಂದು ವಿಚಿತ್ರ. ಚಿಪ್ಪೇ ಇಲ್ಲದ, ಉಗುರಿನಷ್ಟುದ್ದದ ಬಿಳಿ ಹುಳು, ಬೆನ್ನ ತುಂಬ ಸೆರಗಿನ ಕುಚ್ಚು. ಅಮ್ಮ ಚಿಮಟ ಎತ್ತಿಕೊಂಡಳು. ಈ ಸಲ ನಾನು ಕೈ ಹಿಡಿದೆ. ನಾಲ್ಕು ದಿನ ಎಣಿಸಿದೆ: ನೀನು ಶನಿ ಅಂತ ಬೈಯುತ್ತಿದ್ದ ಕಲ್ಲಿಗಂಟಿ ಕುಟುಕುವ ಆ ಗಾಜಿನಂಥ ಕಂದು ಕಡಲಹೂಗಳು ಹದಿನಾಲ್ಕಿದ್ದವು, ಒಂಬತ್ತಾಗಿವೆ. ಸಿಂಪಿಯ ಕಡೆ ಅದು ತಿರುಗಿಯೂ ನೋಡಿಲ್ಲ. ಅದರ ಹೆಸರೇನು ಅರುಣಾ? ಅದನ್ನು ತಿಳಿಯದೆ ನನಗೆ ನಿದ್ದೆ ಬರುತ್ತಿಲ್ಲ. ಮದುವೆಯಾದ ಹನ್ನೊಂದು ವರ್ಷದಲ್ಲಿ ನಿನ್ನ ಕೆಲಸದ ಬಗ್ಗೆ ನಾನು ಕೇಳಿದ ಮೊದಲ ಪ್ರಶ್ನೆ ಇದೇ ಇರಬೇಕು.

ಅಮ್ಮ ಆಶೀರ್ವಾದ ತಿಳಿಸಿದ್ದಾಳೆ; ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಕಂತೆ. ನಿನ್ನ ಕಣ್ಣು, ಕೈ ಎರಡೂ ತಂಪಾಗಿರಲಿ.

ನಿನ್ನ,
ಯೋಗಾನಂದ

ಮರೆತಿದ್ದು: ಮರೆತಿದ್ದಲ್ಲ, ಎರಡನೇ ಪ್ರಶ್ನೆಗೆ ಉತ್ತರ. ಸಂದರ್ಶನದ ಕಾಗದ ಬಂದು ಹನ್ನೊಂದು ದಿನವಾಯಿತು. ಒಡೆದು ಓದಿ, ಸೀರೆಯ ವಿನ್ಯಾಸ ಕೊರೆದ ಜಕಾರ್ಡ್ ರಟ್ಟುಗಳ ಕಟ್ಟಿನೊಳಗೆ ಬಚ್ಚಿಟ್ಟೆ. ಕೆಲಸ ಸಿಕ್ಕರೆ ನೀನು ಅಲ್ಲೇ ಉಳಿದುಬಿಡ್ತೀಯ ಅಂತ ಭಯ. ನಿನ್ನ ಕಾಗದಗಳಿಗೆ ಉತ್ತರ ಬರೆಯದೆ ಇದ್ದದ್ದೂ ಅದಕ್ಕೇ. ಸುಳ್ಳು ಬರೆಯಲು ಕೈ ಬರಲಿಲ್ಲ. ಸಂದರ್ಶನ ಸೋಮವಾರ ಬೆಳಿಗ್ಗೆ ಹತ್ತಕ್ಕೆ. ಅಂಚೆಗೆ ಹಾಕಿದರೆ ಇದು ನಿನಗೆ ಮಂಗಳವಾರ ಸಿಗುತ್ತದೆ. ಆದ್ದರಿಂದ ನಿನ್ನ ಹಾಸ್ಟೆಲ್ಲಿನ ಕಾವಲುಗಾರನ ಕೈಯಲ್ಲಿ ಕಳಿಸುತ್ತಿದ್ದೇನೆ, ಆ ಕಾಗದವೂ ಜೊತೆಗಿದೆ. ರಾತ್ರಿ ಬಸ್ಸಿಗೆ ಬಂದು ನಾನು ಗೇಟಿನ ಹೊರಗೆ ನಿಂತಿದ್ದೇನೆ. ಬೈಯೋದಕ್ಕಾದರೂ ಬಾ. ಬರಲು ಮನಸ್ಸಾಗದಿದ್ದರೆ ಬೇಡ. ಸೋಮವಾರ ಮಾತ್ರ ಹೋಗು.