ಮೊದಲ ಉಸಿರಿನ ಮುಖ

ಲೆಂಬೊ, ಬಾಜೋ ಕೇರಿ
ಅಕ್ಟೋಬರ್ ೧೨, ಭಾನುವಾರ

ಪ್ರೀತಿಯ ಹಸ್ನಿಯಾ ಅಕ್ಕನಿಗೆ,

ತಮ್ಮ ಜಮ್ರಿನ್‌ನ ಸಲಾಮು. ಹಬ್ಬಕ್ಕೆ ನೀನು ತವಾವಿನಿಂದ ಕಳಿಸಿದ ಶರಟು ಕೈಸೇರಿ ಆರು ತಿಂಗಳಾಯಿತು, ನಾನು ಒಂದು ಸಾಲು ಬರೆಯಲಿಲ್ಲ. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸೋಮಾರಿತನ, ಅಷ್ಟೇ. ಶರಟು ತೋಳಿನ ಹತ್ತಿರ ಬಿಗಿ. ಆದರೂ ಶುಕ್ರವಾರ ನಮಾಜಿಗೆ ಅದನ್ನೇ ಹಾಕಿಕೊಳ್ಳುತ್ತೇನೆ, ಕೈ ಎತ್ತುವಾಗ ಮಾತ್ರ ಜೋಪಾನ. ಮೀನಿನ ಕಾರ್ಖಾನೆಯ ಐಸಿಗೆ ನಿನ್ನ ಬೆರಳು ಒಡೆದಿದ್ದವಲ್ಲ, ಮಾಗಿದವೇ?

ಇದನ್ನು ಜೈನಬ್ ಅತ್ತೆಯ ಕೈಯಲ್ಲಿ ಕೊಡುತ್ತಿದ್ದೇನೆ. ಅವಳು ಮಂಗಳವಾರದ ಹಡಗು ಹತ್ತುತ್ತಾಳೆ, ಶುಕ್ರವಾರ ನಿನ್ನ ಬಾಗಿಲಿಗೆ ಬರುತ್ತಾಳೆ. ಬಂದ ದಿನವೇ ಓದು. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಸಿಗ್ನಲ್ ಸಿಗುವುದು ಮಸೀದಿಯ ಜಗಲಿಯ ಮೇಲೆ ಮಾತ್ರ, ಮತ್ತು ಅಲ್ಲಿ ಯಾವ ಹೊತ್ತಿಗೆ ಹೋದರೂ ಹತ್ತು ಜನ ಬಲೆ ಹೆಣೆಯುತ್ತಾ ಕೂತಿರುತ್ತಾರೆ. ಹೇಳಬೇಕಾದದ್ದು ಇಷ್ಟು: ಮುಂದಿನ ಸೋಮವಾರ, ಇಪ್ಪತ್ತನೇ ತಾರೀಕು, ಅಪ್ಪ ಅತಿಥಿಗಳ ಜೊತೆ ಮತ್ತೆ ನೀರಿಗಿಳಿಯುತ್ತಾನೆ. ಇಳಿದರೆ ಮೇಲೆ ಬರುತ್ತಾನೆಂಬ ನಂಬಿಕೆ ನನಗಿಲ್ಲ. ಅವನನ್ನು ತಡೆಯಬಲ್ಲವಳು ನೀನೊಬ್ಬಳೇ. ಜಗಳವಾಡಿ ತವಾವಿಗೆ ಹೋದವಳು ನೀನು. ಹೋದ ಮೇಲೆ ಅಪ್ಪ, 'ಅವಳು ಹೇಳಿದ್ದೇ ಸರಿ' ಅಂದ. ಅವನು ಹಾಗೆ ಅಂದದ್ದನ್ನು ಇನ್ಯಾರ ವಿಷಯದಲ್ಲೂ ನಾನು ಕೇಳಿಲ್ಲ.

ನನ್ನ ಕೆಲಸದ ಬಗ್ಗೆ ಮೊದಲು ಬರೆಯುತ್ತೇನೆ, ಇಲ್ಲದಿದ್ದರೆ ಉಳಿದದ್ದು ನಿನಗೆ ಅರ್ಥವಾಗುವುದಿಲ್ಲ. ನಾನೀಗ ಮುಳುಗು ಪ್ರವಾಸದ ಗೈಡು. ಕೆಂದಾರಿಯಲ್ಲಿ ಹತ್ತು ದಿನ ತರಬೇತಿ ಕೊಟ್ಟು ಒಂದು ಕಾಗದ ಕೊಟ್ಟರು. ಶಾಲೆ ಬಿಟ್ಟವನಿಗೆ ಸಿಕ್ಕ ಒಂದೇ ಕಾಗದವೆಂದು ಅಮ್ಮ ಅದನ್ನು ಗಡಿಯಾರದ ಪಕ್ಕ ತೂಗುಹಾಕಿದ್ದಾಳೆ. ಅತಿಥಿಗಳು ನಾಲ್ಕು ದಿನಕ್ಕೆ ಬರುತ್ತಾರೆ, ಮರಳು ದ್ವೀಪದ ಗುಡಿಸಿಲಲ್ಲಿ ಇರುತ್ತಾರೆ, ಹವಳದ ದಿಬ್ಬದ ಮೇಲೆ ಉಸಿರು ಕಟ್ಟಿ ಮುಳುಗುವುದನ್ನು ನನ್ನಿಂದ ಕಲಿಯುತ್ತಾರೆ. ಇದು ಅಮ್ಮನಿಗೆ ಇವತ್ತಿಗೂ ಅರ್ಥವಾಗಿಲ್ಲ.

"ಮೀನು ಹಿಡೀತಾರಾ?" ಅಂದಳು.

"ಇಲ್ಲಮ್ಮ."

"ಮುತ್ತು, ಚಿಪ್ಪು?"

"ಅದೂ ಇಲ್ಲ. ಸುಮ್ನೆ ಮುಳುಗ್ತಾರೆ."

"ಸುಮ್ನೆ ಮುಳುಗೋಕೆ ಅಷ್ಟು ದೂರದಿಂದ ಬರ್ತಾರಾ? ಪಾಪ, ಅವರೂರಲ್ಲಿ ಒಂದು ಬಾವಿನೂ ಇಲ್ವೇನೋ."

ನಾನು ಅವರಿಗೆ ಕಲಿಸುವ ಮೊದಲ ಪಾಠವೇ ಇದು: ಒಬ್ಬರು ಕೆಳಗಿದ್ದರೆ ಒಬ್ಬರು ಮೇಲಿರಬೇಕು. ಕೆಳಗಿದ್ದವರು ಮೇಲೆ ಬಂದ ಮೇಲೂ ಅವರ ಮುಖವನ್ನೇ ನೋಡುತ್ತಾ ಮೂವತ್ತು ಎಣಿಸಬೇಕು. ಎಷ್ಟೋ ಜನ ಪ್ರಜ್ಞೆ ತಪ್ಪುವುದು ಆಳದಲ್ಲಲ್ಲ, ಮೇಲೆ ಬಂದು ಗಾಳಿ ಎಳೆದುಕೊಂಡ ಮೇಲೆ. ಕೆಂದಾರಿಯಲ್ಲಿ ಇದನ್ನು ನಮಗೆ ದಿನಾ ಬಾಯಿಪಾಠ ಮಾಡಿಸಿದರು.

ಆದರೆ ಅತಿಥಿಗಳು ನಿಜವಾಗಿ ಬರುವುದು ಅಪ್ಪನನ್ನು ನೋಡಲು. ಕೊನೆಯ ಎರಡು ದಿನ ಅಪ್ಪ ತನ್ನ ಮರದ ಕನ್ನಡಕ ಹಾಕಿಕೊಂಡು, ಕಾಲಿಗೆ ಏನೂ ಇಲ್ಲದೆ, ಸಮುದ್ರದ ತಳದಲ್ಲಿ ಅಂಗಳದಲ್ಲಿ ನಡೆದ ಹಾಗೆ ನಡೆಯುತ್ತಾನೆ. ಅವರು ಮೇಲಿನಿಂದ ಫೋಟೋ ತೆಗೆಯುತ್ತಾರೆ. ಮೊದಲು ಎಂಟು ಮಾರು ಆಳ ಸಾಕಾಗುತ್ತಿತ್ತು. ಈ ವರ್ಷ ನೀರು ಕಾದು ಮೇಲಿನ ಹವಳವೆಲ್ಲ ಸುಣ್ಣದ ಹಾಗೆ ಬೆಳ್ಳಗಾಯಿತು, ಮೀನು ಕೆಳಗಿಳಿದವು. ಮೀನಿನ ಹಿಂದೆ ಅಪ್ಪನೂ ಕೆಳಗಿಳಿದ. ಈಗ ಹನ್ನೆರಡು ಮಾರು.

ನೀನು ಕಂಡ ಅಪ್ಪ ಇವನಲ್ಲ, ಅಕ್ಕಾ. ಹಲಗೆ ಸೇತುವೆಯ ಮೇಲೆ ನಡೆಯುವಾಗ ಅವನ ಒಂದು ಕೈ ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗುತ್ತದೆ. ಅವನ ಎರಡೂ ಕಿವಿಯ ಪೊರೆ ಎಂಟನೇ ವರ್ಷಕ್ಕೇ ಹರಿದದ್ದು, ಮುಳುಗುವ ನಮ್ಮಲ್ಲಿ ಅದು ಯಾರಿಗೆ ಹರಿದಿಲ್ಲ? ಆದರೆ ಈಗ ದಿಂಬಿನ ಮೇಲೆ ರಕ್ತ ಇರುತ್ತದೆ. ನೆರೆಯವರು ಏಳುವ ಮೊದಲೇ ಅಮ್ಮ ದಿಂಬಿನ ಚೀಲ ಒಗೆದು ಹಾಕುತ್ತಾಳೆ. ಏನಮ್ಮ ಇದು ಅಂದರೆ, "ಸೊಳ್ಳೆ" ಅನ್ನುತ್ತಾಳೆ.

ಹೋದ ವಾರದ ಪ್ರವಾಸದ ಮೂರನೇ ದಿನ ಇನ್ನೊಂದಾಯಿತು. ಮೇಲೆ ಬಂದ ಅಪ್ಪ ದೋಣಿಯ ಮೈ ಬಡಿಯುವ ಬದಲು ಬರಿಯ ನೀರಿಗೆ ಬಡಿದ. ಮೂರು ಸಲ ಬಡಿದ. ಸದ್ದಿಗೆ ನಾವು ತಿರುಗಿದಾಗ ದೋಣಿ ಅವನಿಂದ ಒಂದು ಮಾರು ಆಚೆ ಇತ್ತು. ಅಲ್ಲಿ ದೋಣಿ ಇದೆ ಅಂದುಕೊಂಡೇ ಬಡಿಯುತ್ತಿದ್ದ.

ಬಡಿಯುವುದು ಯಾಕೆಂದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ, ಯಾಕೆಂದರೆ ಬರೆದು ನೋಡಿದಾಗಲೇ ಅದು ಎಂಥದ್ದು ಎಂದು ನನಗೆ ಕಂಡದ್ದು. ನಮ್ಮ ಮನೆತನದಲ್ಲಿ ಮುಳುಗಿದವನು ಮೇಲೆ ಬಂದಾಗ ದೋಣಿಯಲ್ಲಿದ್ದವರೆಲ್ಲ ಮುಖ ತಿರುಗಿಸಬೇಕು. ಮೊದಲ ಉಸಿರು ಪೂರ್ತಿಯಾಗುವವರೆಗೆ ಕಡಲಜ್ಜ ಅವನ ಕಾಲು ಬಿಟ್ಟಿರುವುದಿಲ್ಲ, ಆ ಹೊತ್ತಿನಲ್ಲಿ ಮುಖ ನೋಡಿದರೆ ಕಡಲಜ್ಜನ ಜೊತೆ ಜಗ್ಗಾಟಕ್ಕೆ ನಿಂತ ಹಾಗೆ. ಅವನು ದೋಣಿಯ ಮೈ ಬಡಿದ ಮೇಲೆಯೇ ನಾವು ತಿರುಗುವುದು. ಹೊರಗಿನವರು ನೋಡಿದರೆ ಅಪಶಕುನ, ಅಷ್ಟೇ. ಸ್ವಂತ ಮಗ ನೋಡಿದರೆ ಅದು ಬೇರೆ. ಮಗನ ಸರದಿ ಬಂತೆಂದು ಅರ್ಥ. ಅಪ್ಪನಾದವನು ಕನ್ನಡಕವನ್ನು ಮಗನ ಕೈಗೆ ಕೊಟ್ಟು ಮತ್ತೆಂದೂ ನೀರಿಗಿಳಿಯಕೂಡದು. ನಮ್ಮಜ್ಜನ ಮುಖವನ್ನು ಅಪ್ಪ ಹಾಗೆ ನೋಡಿದ್ದ, ನೋಡಿದೆ ಎಂದು ಹೇಳಿಯೂ ಇದ್ದ. ಆಮೇಲೆ ಅಜ್ಜ ಹನ್ನೊಂದು ವರ್ಷ ಮನೆಯ ಹಿಂಬದಿ, ಕಡಲಿಗೆ ಬೆನ್ನು ಹಾಕಿ ಕೂತದ್ದು ನಿನಗೆ ನೆನಪಿದೆ. ನಮ್ಮ ಜೊತೆ ಊಟಕ್ಕೂ ಕೂರುತ್ತಿರಲಿಲ್ಲ.

ಈಗ ನಾಲ್ಕನೇ ದಿನಕ್ಕೆ ಬರುತ್ತೇನೆ.

ಐದು ಜನ ಅತಿಥಿಗಳಿದ್ದರು. ಅವರಲ್ಲಿ ಬಾಂಡುಂಗಿನ ಇಬು ಲಿಲಿಸ್ ಎಂಬ ನರ್ಸಮ್ಮ, ಐವತ್ತು ದಾಟಿದವರು, ಹೇಳಿದ್ದನ್ನೆಲ್ಲ ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುವವರು. ದೋಣಿ ನಡೆಸುತ್ತಿದ್ದವನು ನಮ್ಮ ಉದು ಮಾವ. ಬೆಳಿಗ್ಗೆ ಮರಗೆಣಸಿನ ಕಸುವಾಮಿ, ಸುಟ್ಟ ಮೀನು ತಿನ್ನುವಾಗಲೇ ಮಾವ ಶುರುಮಾಡಿದ್ದ, "ಭಾವ, ಇವತ್ತು ಕೆಳಗೆ ಒಂದು ಅಂಗಡಿ ಇಟ್ಟು ಬಾ. ಅಷ್ಟು ಹೊತ್ತು ಇರ್ತೀಯಲ್ಲ, ವ್ಯಾಪಾರನೂ ಆಗುತ್ತೆ." ಅಪ್ಪ ನಕ್ಕ.

ದಿಬ್ಬದ ಅಂಚಿನಲ್ಲಿ ಅಪ್ಪ ಇಳಿದ. ನೀರು ಅಷ್ಟು ತಿಳಿಯಾಗಿತ್ತು, ಅವನ ನೆರಳೂ ತಳದಲ್ಲಿ ಕಾಣುತ್ತಿತ್ತು. ನಡೆದ. ಒಂದು ಬಂಡೆಯ ಕೆಳಗೆ ಬಗ್ಗಿದ. ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ಅತಿಥಿಗಳಲ್ಲಿ ಒಬ್ಬ ಕೈಗಡಿಯಾರ ನೋಡಿ "ಮೂರು ನಿಮಿಷ" ಅಂದ. ಆಮೇಲೆ ಅಪ್ಪ ಮೇಲಕ್ಕೆ ಬರತೊಡಗಿದ, ನಿಧಾನವಾಗಿ, ಬೇಡದ ಊರಿಗೆ ಹೊರಟವನ ಹಾಗೆ. ಮಾವ ಎಂದಿನಂತೆ, "ಎಲ್ರೂ ಮುಖ ತಿರುಗಿಸ್ರಪ್ಪ, ಮುದುಕನಿಗೆ ನಾಚ್ಕೆ ಆಗುತ್ತೆ" ಅಂದ. ಅತಿಥಿಗಳು ನಗುತ್ತಾ ತಿರುಗಿದರು. ನಾನೂ ತಿರುಗಿದೆ. ಅಪ್ಪನ ತಲೆ ನೀರಿನಿಂದ ಹೊರಬಂದದ್ದು, ಗಾಳಿ ಎಳೆದುಕೊಂಡದ್ದು ಕೇಳಿಸಿತು. ಬಡಿತಕ್ಕೆ ಕಾದೆವು.

ಬಡಿತ ಬರಲಿಲ್ಲ. ಬಂದದ್ದು ಇಬು ಲಿಲಿಸ್ ಅವರ ಕೂಗು. ಅವರು ದೋಣಿಯ ಆಚೆ ಬದಿ, ತೇಲುಬುರುಡೆಯ ಹಗ್ಗ ಹಿಡಿದು ನೀರಿನಲ್ಲೇ ಇದ್ದರು, ಅವರಿಗೆ ಮಾವನ ಮಾತು ಕೇಳಿಸಿರಲಿಲ್ಲ. ನಾವು ತಿರುಗುವ ಹೊತ್ತಿಗೆ ಅವರು ಅಪ್ಪನ ಗಲ್ಲ ಎತ್ತಿ ಹಿಡಿದು ಕೆನ್ನೆಗೆ ತಟ್ಟುತ್ತಿದ್ದರು. "ಉಸಿರು ತಗೊಳ್ಳಿ. ಪಾ ಕಾಮಿಸ್, ಉಸಿರು ತಗೊಳ್ಳಿ." ಅಪ್ಪ ಕೆಮ್ಮಿದ. ಕಣ್ಣು ಬಿಟ್ಟವನೇ ಅವರನ್ನು ದೂಡಿದ.

ದೋಣಿ ಹತ್ತಿದ ಮೇಲೆ ಕೇಳಿದ, "ಆ ಹೆಂಗಸು ನನ್ನ ಗಡ್ಡ ಯಾಕೆ ಹಿಡಿದಳು?"

ಅವನಿಗೆ ಏನೂ ನೆನಪಿರಲಿಲ್ಲ. ಇಬು ಲಿಲಿಸ್ ಹೇಳಿದರು, "ನಿಮಗೆ ಪ್ರಜ್ಞೆ ತಪ್ಪಿತ್ತು. ಮುಖ ನೀರಿಗೆ ಬಿದ್ದಿತ್ತು."

"ಯಾರಿಗೆ? ನನಗಾ?" ಅಪ್ಪ ಮಾವನ ಕಡೆ ತಿರುಗಿದ. "ಉದು, ನೀನು ನೋಡಿದ್ಯಾ?"

"ನೋಡಬಾರದ್ದನ್ನ ನಾನ್ಯಾಕೆ ನೋಡ್ಲಿ ಭಾವ."

ಆಮೇಲೆ ನನ್ನನ್ನು ನೋಡಿದ. "ನೀನು?"

"ಇಲ್ಲ" ಅಂದೆ.

ಮಾವ ತೊಡೆ ತಟ್ಟಿ ಅತಿಥಿಗಳಿಗೆ ಹೇಳಿದ, "ನಕಲು ಹೊಡೆದವರು ಯಾರು ಅಂತ ಲೆಕ್ಕದ ಮೇಷ್ಟ್ರು ಕೇಳಿದಾಗ, ತನ್ನ ಹೆಸರನ್ನೇ ಮೊದಲು ಹೇಳಿ ಏಟು ತಿಂದು ಶಾಲೆ ಬಿಟ್ಟ ಹುಡುಗ ಇವನು. ಇವನು ನೋಡಿಲ್ಲ ಅಂದ್ರೆ ಮುಗೀತು, ಏನೂ ಆಗಿಲ್ಲ."

ಅಲ್ಲಿಗೆ ಮುಗಿಯಿತು. ಸಂಜೆ ದಕ್ಕೆಯಲ್ಲಿ ಇಬು ಲಿಲಿಸ್ ನನ್ನನ್ನು ಪಕ್ಕಕ್ಕೆ ಕರೆದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಮೂವತ್ತು ಎಣಿಸಿ ಅಂತ ನೀನೇ ಹೇಳಿಕೊಟ್ಟೆ ಮಗಾ. ನಿಮ್ಮಪ್ಪನಿಗೆ ಎಷ್ಟು ಎಣಿಸಿದೆ?" ಅಂದರು. "ಒಂದು ಸಲ ಹೀಗಾದವರಿಗೆ ಮತ್ತೆ ಆಗೋದು ಸುಲಭ. ಮುಂದಿನ ಸಲ ನಾನು ಇರಲ್ಲ" ಎಂದು ಹೇಳಿ ಹಡಗು ಹತ್ತಿದರು.

ಕೇರಿಯಲ್ಲಿ ಈಗ ಬೇರೆಯೇ ಕಥೆ ಓಡಾಡುತ್ತಿದೆ. ಹೊರಗಿನ ಹೆಂಗಸು ಮುಖ ನೋಡಿದಳು, ಅದಕ್ಕೇ ಕಾಮಿಸ್‌ಗೆ ಒಂದು ಗಳಿಗೆ ತಲೆ ತಿರುಗಿತು, ಅಂತ. ಮಾವ ನೀಲಿ ಟಾರ್ಪಾಲು ತಂದು ಎರಡು ದಿನದಿಂದ ಅಂಚು ಹೊಲಿಯುತ್ತಿದ್ದಾನೆ. ಸೋಮವಾರ ಅದನ್ನು ದೋಣಿಯ ಬದಿಗೆ ಪರದೆಯ ಹಾಗೆ ಕಟ್ಟುತ್ತಾನಂತೆ. ಅಪ್ಪ ಮೇಲೆ ಬರುವ ಹೊತ್ತಿಗೆ ಎಲ್ಲರೂ ದೋಣಿಯೊಳಗಿರಬೇಕು, ನೀರಿನಲ್ಲಿ ಒಬ್ಬರೂ ಇರಕೂಡದು. ಮುಖ ನೋಡಲು ಒಂದು ಕಣ್ಣೂ ಇರುವುದಿಲ್ಲ, ಅಕ್ಕಾ. ಅಪ್ಪನಿಗೋ, ತಾನು ಗಟ್ಟಿಯಾಗಿದ್ದೇನೆ ಎಂದು ತೋರಿಸುವ ಹಟ. ದಿಬ್ಬದ ಕಪ್ಪು ಮೆಟ್ಟಿಲಿಗೆ ಇಳಿಯುತ್ತೇನೆ ಅನ್ನುತ್ತಾನೆ. ಅದು ಹದಿನೆಂಟು ಮಾರು.

ನೀನು ಶನಿವಾರ ಮಧ್ಯಾಹ್ನದ ನಮಾಜು ಮುಗಿಯುವ ಹೊತ್ತಿಗೆ ಫೋನು ಮಾಡು. ನಾನು ಅವನನ್ನು ಜಗಲಿಯ ಮೇಲೆ ಕೂರಿಸಿರುತ್ತೇನೆ. ಅಳಬೇಡ, ಅತ್ತರೆ ಅವನಿಗೆ ಮಾತು ಕೇಳಿಸುವುದಿಲ್ಲ. ಗಟ್ಟಿಯಾಗಿ, ಜಗಳಕ್ಕೆ ನಿಂತವಳ ಹಾಗೆ ಹೇಳು. ಕಾಯಿಲೆ ಬಿದ್ದಿದ್ದೇನೆ, ಬಾ ಅಂತ ಹೇಳಲು ನಾನು ನಿನಗೆ ಹೇಳಿಕೊಡುವುದಿಲ್ಲ; ಹಾಗೆ ಹೇಳಿದರೂ ನಾನು ಬೇಡ ಅನ್ನುವುದಿಲ್ಲ.

ಅಮ್ಮ ಚೆನ್ನಾಗಿದ್ದಾಳೆ. ಒಣಮೀನಿನ ಪೊಟ್ಟಣ ಕಳಿಸಿದ್ದಾಳೆ, ಜೈನಬ್ ಅತ್ತೆ ದಾರಿಯಲ್ಲಿ ಅರ್ಧ ತಿಂದಿರುತ್ತಾಳೆ, ಉಳಿದದ್ದಕ್ಕೆ ಸಂತೋಷಪಡು. ನಿನ್ನ ಕೈ ಬೇಗ ಮಾಗಲಿ, ಮೇಲಿನವನು ನಿನ್ನನ್ನೂ ನಿನ್ನ ಮನೆಯ ಒಲೆಯನ್ನೂ ಕಾಯಲಿ. ಚಿಕ್ಕವನು ಹರಸಬಾರದು ಅನ್ನುತ್ತಾರೆ, ಆದರೆ ಇಲ್ಲಿಂದ ನಿನಗೆ ಕಳಿಸಲು ನನ್ನ ಹತ್ತಿರ ಇರುವುದು ಅದೊಂದೇ.

ನಿನ್ನ ತಮ್ಮ,
ಜಮ್ರಿನ್

ತಾಜಾ ಕಲಂ: ಬರೆಯಲು ಮರೆತಿದ್ದೆ ಎನ್ನಲಾರೆ, ಮರೆತಿರಲಿಲ್ಲ. ಮುಖ ತಿರುಗಿಸಿ ನಾನು ಎಣಿಸುತ್ತಿದ್ದೆ. ಒಂಬತ್ತಕ್ಕೆ ಉಸಿರಿನ ಸದ್ದು ನಿಂತಿತು. ತಿರುಗಿ ನೋಡಿದೆ. ಅಪ್ಪನ ಕಣ್ಣು ತೆರೆದಿತ್ತು, ಅದರಲ್ಲಿ ಅವನಿರಲಿಲ್ಲ. ತುಟಿ ಶಾಯಿ ಕುಡಿದವನ ಹಾಗಿತ್ತು. ಮುಖ ಮೆಲ್ಲಗೆ ಮುಂದಕ್ಕೆ ಬಾಗುತ್ತಿತ್ತು. ನಾನು ಮತ್ತೆ ಆ ಕಡೆ ತಿರುಗಿಬಿಟ್ಟೆ. ಮೊದಲ ಸಲ ತಿರುಗಿದ್ದು ಪದ್ಧತಿಗೆ. ಎರಡನೆಯ ಸಲ ತಿರುಗಿದ್ದು ನೋಡಿಲ್ಲ ಎಂದು ಹೇಳಲಿಕ್ಕೆ. ಆ ನರ್ಸಮ್ಮ ಇಲ್ಲದಿದ್ದರೆ ನಾನು ಇನ್ನೂ ಎಷ್ಟು ಎಣಿಸುತ್ತಿದ್ದೆನೋ ಗೊತ್ತಿಲ್ಲ. ನೋಡಿದೆ ಅಂದರೆ ಅವನು ಅಜ್ಜನ ಜಾಗದಲ್ಲಿ ಕೂರಬೇಕು. ಕೂರಿಸುವ ಧೈರ್ಯ ನನಗಿರಲಿಲ್ಲ.

ಶನಿವಾರ ಅವನು 'ಯಾರು ಹೇಳಿದರು' ಎಂದು ಕೇಳಿದರೆ, ಜಮ್ರಿನ್ ನೋಡಿದ್ದಾನೆ ಎಂದು ನೀನೇ ಹೇಳಿಬಿಡು. ನನ್ನ ಬಾಯಲ್ಲಿ ಬರುತ್ತಿಲ್ಲ. ಇವತ್ತು ಬೆಳಿಗ್ಗೆ ಹೇಳಲೆಂದೇ ಹೋಗಿ ಅವನ ಎದುರು ನಿಂತೆ. ಅಪ್ಪ ಕನ್ನಡಕದ ಗಾಜಿನ ಅಂಚಿಗೆ ಮೇಣ ಮೆತ್ತುತ್ತಿದ್ದ. ತಲೆಯೆತ್ತದೆ, "ಏನಾದ್ರೂ ಹೇಳೋದಿತ್ತಾ?" ಅಂದ. ಇಲ್ಲ ಅಂದೆ. ಅದು ಎರಡನೆಯ ಸುಳ್ಳು.