ಇದ್ದ ಹಾಗೇ ಇದ್ದಾರೆ

ನರ್ಸಿಂಗ್ ಹಾಸ್ಟೆಲ್, ಮೂರನೇ ಮಹಡಿ
ಶನಿವಾರ, ಹದಿನೆಂಟನೇ ತಾರೀಖು

ಅಮ್ಮಾ,

ಹೇಗಿದ್ದೀಯ? ಅಪ್ಪನ ಮಂಡಿನೋವು ಕಡಿಮೆಯಾಯಿತಾ? ನಿನ್ನ ಎರಡು ಪತ್ರ ಬಂದು ಮೂರು ವಾರವಾಯಿತು. ಉತ್ತರ ಬರೆಯಲಿಲ್ಲವೆಂದು ಕೋಪ ಮಾಡಿಕೊಳ್ಳಬೇಡ. ದಿನಾ ಕೂರುತ್ತಿದ್ದೆ, ‘ಅಮ್ಮಾ’ ಅಂತ ಬರೆದು ಅಲ್ಲಿಗೇ ಬಿಡುತ್ತಿದ್ದೆ. ಫೋನಿನಲ್ಲಿ ‘ಊಟ ಆಯ್ತು, ನಿದ್ದೆ ಆಯ್ತು’ ಅಂತ ಹೇಳಿ ಇಟ್ಟುಬಿಡುತ್ತಿದ್ದಾಗಲೇ ನಿನಗೆ ಅನುಮಾನ ಬಂದಿರಬೇಕು. ಒಂದೇ ವಿನಂತಿ. ಕಳೆದ ಸಲದ ಹಾಗೆ ಪತ್ರವನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕಳಿಸಬೇಡ. ದಿನವಿಡೀ ಪ್ರೆಸ್ಸಿನಲ್ಲಿ ಕರಡು ತಿದ್ದುವವಳ ಕೈ ಸುಮ್ಮನಿರುವುದಿಲ್ಲ, ಗೊತ್ತು. ಆದರೆ ಆರು ವರ್ಷಕ್ಕೇ ಇಂಗ್ಲಿಷ್ ಶಾಲೆಯ ಹಾಸ್ಟೆಲ್ಲಿಗೆ ಹಾಕಿದ್ದು ನೀವೇ ತಾನೆ? ನನ್ನ ಅಲ್ಪಪ್ರಾಣ ಮಹಾಪ್ರಾಣಗಳ ಜಗಳಕ್ಕೆ ನಾನೊಬ್ಬಳೇ ಹೊಣೆಯಲ್ಲ.

ಇಲ್ಲಿ ಕ್ಲಾಸುಗಳು ನಿಂತಿವೆ. ಮೊದಲ ವರ್ಷದವರನ್ನು ಸೋಂಕಿನ ವಾರ್ಡಿಗೆ ಬಿಡುವುದಿಲ್ಲ. ಮನೆಗೆ ಹೋಗಲಾಗದೆ ಉಳಿದ ನಮ್ಮ ನಾಲ್ವರನ್ನು ಮೇಟ್ರನ್ ಕರೆದು ಫೋನಿನ ಕೆಲಸಕ್ಕೆ ಕೂರಿಸಿದರು. ಮೊದಲು ಬೆಡ್‌ಷೀಟು ಜೋಡಿಸಿಡುತ್ತಿದ್ದ ಕೋಣೆ ಅದು, ಈಗಲೂ ಸೋಪಿನ ವಾಸನೆ. ಎರಡು ಮೇಜು, ಮೂರು ಫೋನು. ವಾರ್ಡಿನ ಕಾಗದ ಹೊರಗೆ ಬರುವ ಹಾಗಿಲ್ಲ. ಅದಕ್ಕೇ ಬೆಳಗ್ಗೆ ಹತ್ತಕ್ಕೆ ಒಳಗಿನ ಸಿಸ್ಟರ್ ಪಟ್ಟಿಯನ್ನು ಗಾಜಿನ ಬಾಗಿಲಿಗೆ ಒತ್ತಿ ಹಿಡಿಯುತ್ತಾರೆ, ನಾವು ಈಚೆ ನಿಂತು ನಕಲು ಮಾಡಿಕೊಳ್ಳುತ್ತೇವೆ. ಬೆಡ್ ನಂಬರು, ಆಕ್ಸಿಜನ್ ಎಷ್ಟು, ಊಟ ಮಾಡಿದರೋ ಇಲ್ಲವೋ, ಕೊನೆಗೆ ಇಂಗ್ಲಿಷಿನಲ್ಲಿ ಒಂದೆರಡು ಪದ: ಬೆಟರ್, ವರ್ಸ್, ಇಲ್ಲವೇ ನೋ ಚೇಂಜ್. ಅದನ್ನು ಒಬ್ಬೊಬ್ಬರ ಮನೆಗೂ ಫೋನು ಮಾಡಿ ಕನ್ನಡದಲ್ಲಿ ಹೇಳಬೇಕು.

ಮೇಟ್ರನ್ ಬಗ್ಗೆ ನೀನು ಕೇಳಿದ್ದೆ. ಎದುರಿಗೆ ಎಲ್ಲರೂ ಮೇಡಂ ಅನ್ನುತ್ತಾರೆ, ಬೆನ್ನ ಹಿಂದೆ ದೊಡ್ಡಮ್ಮ. ಕುಳ್ಳಗಿದ್ದಾರೆ, ಗಂಟಲು ಮಾತ್ರ ಎರಡು ಮಹಡಿ ಎತ್ತರ. ವಾರ್ಡಿನೊಳಗೆ ಹಾಕಿಕೊಳ್ಳುವ ರಕ್ಷಣೆಯ ಗೌನು ಮುಗಿದ ದಿನ ಆಡಳಿತಾಧಿಕಾರಿ ಬಂದು, “ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊಳ್ಳಿ ಸಿಸ್ಟರ್” ಅಂದರು. “ಆಗ್ಲಿ ಸರ್. ಮೊದ್ಲು ನೀವು ಅಡ್ಜಸ್ಟ್ ಮಾಡ್ಕೊಂಡು ಒಳಗೊಂದು ಸುತ್ತು ಬನ್ನಿ, ನಿಮ್ಮ ಹಿಂದೇನೇ ನನ್ನ ಹುಡುಗೀರನ್ನ ಕಳಿಸ್ತೀನಿ” ಅಂತ ಇವರು ಬಾಗಿಲಿಗೆ ಅಡ್ಡ ನಿಂತರು. ಒಂದು ಗಂಟೆಯೊಳಗೆ ಗೌನು ಬಂದವು. ಆ ಗೌನು, ಮಾಸ್ಕಿನ ಸೂಟಿನೊಳಗೆ ಯಾರೂ ನಾಲ್ಕು ಗಂಟೆಗಿಂತ ಹೆಚ್ಚು ಇರಕೂಡದೆಂದು ಡ್ಯೂಟಿ ಪಟ್ಟಿಯನ್ನೇ ಬದಲಾಯಿಸಿದವರು ಅವರು. ಪಟ್ಟಿಯಲ್ಲಿ ಮೊದಲ ಹೆಸರು ಅವರದೇ.

ಡಾಕ್ಟರುಗಳ ಜೊತೆ ಜಗಳವಾಡಿ ಇನ್ನೊಂದು ಪದ್ಧತಿಯನ್ನೂ ತಂದಿದ್ದರು. ರೋಗಿ ಕಷ್ಟದಲ್ಲಿದ್ದರೆ ಮನೆಯವರೊಬ್ಬರು ಬಂದು ವಾರ್ಡಿನ ಹೊರಗಿನ ಪಡಸಾಲೆಯ ಕಿಟಕಿಯಿಂದ ಹತ್ತು ನಿಮಿಷ ನೋಡಬಹುದು. ಫೋನಿನಲ್ಲಿ ಮಾತಾಡಿದವರೇ ಸೂಟು ಹಾಕಿಕೊಂಡು ಅವರನ್ನು ಕರೆದೊಯ್ದು ಪಕ್ಕದಲ್ಲಿ ನಿಲ್ಲಬೇಕು. “ಬರ್ಲಾ ಅಂತ ಕೇಳಿದ್ರೆ ನೀವೇ ತೀರ್ಮಾನ ಮಾಡ್ಬೇಡಿ. ನನಗೆ ಹೇಳಿ. ನಾನೆಲ್ಲೇ ಇರ್ಲಿ, ಗಾಜು ತಟ್ಟಿ” ಅಂತ ಮೊದಲ ದಿನವೇ ಹೇಳಿದ್ದರು.

ಈಗ ವಿಷಯಕ್ಕೆ ಬರುತ್ತೇನೆ. ಹನ್ನೊಂದನೇ ಬೆಡ್ಡಿನಲ್ಲಿ ಒಬ್ಬ ಅಜ್ಜ ಇದ್ದರು, ಬಸ್ ಡ್ರೈವರ್ ಆಗಿ ನಿವೃತ್ತರಾದವರು. ಅವರ ಮಗಳು ಬಟ್ಟೆ ಹೊಲಿಯುವವರು. ನಾನು ಫೋನು ಮಾಡಿದಾಗ ಹಿಂದೆ ಹೊಲಿಗೆ ಯಂತ್ರ ಓಡುತ್ತಿರುತ್ತಿತ್ತು, ನನ್ನ ದನಿ ಕೇಳಿದ ಕೂಡಲೇ ನಿಲ್ಲುತ್ತಿತ್ತು. ಅಜ್ಜ ನಾಲ್ಕು ದಿನದಿಂದ ಆಕ್ಸಿಜನ್ನಿನ ದೊಡ್ಡ ಮಾಸ್ಕಿನಲ್ಲಿದ್ದರು. ಸೋಮವಾರದ ಪಟ್ಟಿಯಲ್ಲಿ ‘ನೋ ಚೇಂಜ್’ ಅಂತ ಇತ್ತು. ನಾನು ಆಕೆಗೆ “ಏನೂ ತೊಂದರೆ ಇಲ್ಲ” ಅಂದೆ. ಮಂಗಳವಾರ ಬೆಳಗ್ಗೆ ಆರೂವರೆಗೆ ಅಜ್ಜ ಹೋದರು.

ಎಂಟು ಗಂಟೆಗೆ ಆಕೆ ಗೇಟಿನ ಹತ್ತಿರ ಬಂದರು. ಅಳುತ್ತಿರಲಿಲ್ಲ. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. “ತೊಂದ್ರೆ ಇಲ್ಲ ಅಂದ್ರಲ್ಲ ನಿನ್ನೆ. ಒಂದು ಹುಡುಗಿ ಹೇಳಿದ್ಲು. ಅವಳನ್ನ ಕರೀರಿ, ನಾನೇನೂ ಬಯ್ಯಲ್ಲ, ಕೇಳ್ಬೇಕು ಅಷ್ಟೇ” ಅನ್ನುತ್ತಿದ್ದರು.

ಮೇಟ್ರನ್ ನನ್ನನ್ನು ಬದಿಗೆ ಕರೆದರು. “ಏನು ಹೇಳ್ದೆ?”

“ನೋ ಚೇಂಜ್ ಅಂತ ಇತ್ತು ಮೇಡಂ. ಕನ್ನಡದಲ್ಲಿ... ತೊಂದರೆ ಇಲ್ಲ ಅಂತ...”

“ನೋ ಚೇಂಜ್ ಅಂದ್ರೆ ಇದ್ದ ಹಾಗೇ ಇದ್ದಾರೆ ಅಂತ ಕಣೇ. ಕಷ್ಟದಲ್ಲಿದ್ದೋರು ಕಷ್ಟದಲ್ಲೇ ಇದ್ದಾರೆ ಅಂತ.” ಒಂದು ಕ್ಷಣ ನನ್ನ ಮುಖ ನೋಡಿದರು. “ಎಲ್ಲಿ ಓದಿದ್ದು ನೀನು?”

ಹೇಳಿದೆ. ಹಣೆ ಒತ್ತಿಕೊಂಡರು. ಆಮೇಲೆ ಗೇಟಿಗೆ ಹೋಗಿ ಆಕೆಯ ಮುಂದೆ ನಿಂತು ಹೇಳಿದರು, ನಾನು ಹಿಂದೆಯೇ ಇದ್ದೆ, “ಅವಳು ಹಾಸ್ಟೆಲ್ಲಲ್ಲಿ ಬೆಳೆದ ಮಗು, ಅವಳ ಕನ್ನಡ ಅರ್ಧ. ಅದನ್ನ ನೋಡ್ದೆ ಫೋನಿಗೆ ಕೂರಿಸಿದ್ದು ನಾನು. ನಿಮ್ಮ ಅಪ್ಪನ್ನ ನೀವು ನೋಡೋ ಹಾಗೆ ಆಗ್ಲಿಲ್ಲ, ಆ ತಪ್ಪು ನಂದು. ದೂರು ಬರೆದು ಕೊಡೋದಾದ್ರೆ ನನ್ನ ಹೆಸರು ಬರೀರಿ.”

ಆಕೆ ಬರೆದುಕೊಟ್ಟರು. ವಿಚಾರಣೆ ಅಂತ ಮೂರು ಜನ ಕೂತರು. ಮೇಟ್ರನ್ ಅಲ್ಲೂ ಅದನ್ನೇ ಹೇಳಿದರಂತೆ, ನನ್ನನ್ನು ಕರೆಯುವುದಕ್ಕೂ ಬಿಡಲಿಲ್ಲವಂತೆ. ನಾಡಿದ್ದು ಸೋಮವಾರದಿಂದ ಅವರನ್ನು ಸ್ಟೋರಿಗೆ ಹಾಕುತ್ತಾರಂತೆ, ಔಷಧಿ ಪೆಟ್ಟಿಗೆ ಎಣಿಸುವುದಕ್ಕೆ. ಅವರ ಜಾಗಕ್ಕೆ ಬರುವವರು ಡ್ಯೂಟಿಯನ್ನು ಮತ್ತೆ ಎಂಟು ಗಂಟೆ ಮಾಡುತ್ತಾರಂತೆ. ಕಿಟಕಿಯಿಂದ ನೋಡುವುದೂ ಬಂದ್ ಅಂತೆ.

ಸಿಸ್ಟರುಗಳಿಗೆ ನನ್ನ ಮುಖ ಕಂಡರೆ ಆಗುವುದಿಲ್ಲ. ಕ್ಯಾಂಟೀನಿಗೆ ಹೋದರೆ “ಬಂದ್ಲು ನೋಡ್ರೇ, ನೋ ಚೇಂಜ್” ಅನ್ನುತ್ತಾರೆ. ಇನ್ನೊಬ್ಬರು, “ಸುಮ್ನಿರೇ, ಅವಳಿಗೆ ಬೈಯೋದಾದ್ರೂ ಇಂಗ್ಲಿಷಲ್ಲಿ ಬೈಬೇಕು” ಅಂತ ನಕ್ಕರು. ನಾನೂ ನಕ್ಕೆ. ತಟ್ಟೆ ತೊಳೆದಿಟ್ಟು ಬಂದೆ.

ಮೇಟ್ರನ್ ಮಾತ್ರ ಒಂದು ಮಾತೂ ಬೈದಿಲ್ಲ. ನಾನು ಫೋನಿನ ಮುಂದೆ ಅಳುತ್ತಿದ್ದಾಗ, “ಅಳೋದಾದ್ರೆ ಆ ಕಡೆ ತಿರುಗಿ ಅಳು, ಡಯಲ್ ಮಾಡೋ ಕೈ ನಿಲ್ಲಿಸ್ಬೇಡ” ಅಂದರು. ಪಟ್ಟಿಯಲ್ಲಿ ಬರುವ ಒಂದೊಂದು ಇಂಗ್ಲಿಷ್ ಪದಕ್ಕೂ ಏನು ಹೇಳಬೇಕೆಂದು ತಾವೇ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದರು. ಅಕ್ಷರ ಏನೂ ಚೆನ್ನಾಗಿಲ್ಲ, ನೀನು ನೋಡಿದರೆ ನಾಲ್ಕು ಕಡೆ ತಿದ್ದುತ್ತೀಯ. ಇವತ್ತು ಮಧ್ಯಾಹ್ನ ನನ್ನನ್ನು ಕೂರಿಸಿಕೊಂಡು ಅದನ್ನು ಓದಿಸಿದರು, ಒಂದನೇ ಕ್ಲಾಸಿನ ಮಗುವಿಗೆ ಓದಿಸುವ ಹಾಗೆ. “ಹೆದರ್ಬೇಡ ಕೂಸೇ. ಭಾಷೆ ಕಲಿತ್ರೆ ಬರುತ್ತೆ” ಅಂದರು. ನೀನು ಕರೆಯುವ ಹೆಸರಿನಲ್ಲೇ ಕರೆದರು. ನನಗೆ ಅಲ್ಲಿ ಕೂರಲಾಗಲಿಲ್ಲ. ಬಾತ್‌ರೂಮಿಗೆ ಅಂತ ಹೇಳಿ ಎದ್ದು ಬಂದೆ.

ಅಪ್ಪನಿಗೆ ಇದನ್ನೆಲ್ಲ ಈಗಲೇ ಹೇಳಬೇಡ. ಅಜ್ಜಿಗೆ ನಾನು ದಪ್ಪಗಾಗಿದ್ದೇನೆ ಅಂತ ಹೇಳು, ಖುಷಿಪಡುತ್ತಾಳೆ. ಹೊರಗೆ ಹೋಗುವಾಗ ಮಾಸ್ಕು ಮೂಗಿನ ಮೇಲಿರಲಿ, ಗಲ್ಲದ ಮೇಲಲ್ಲ. ದೊಡ್ಡವರು ಚಿಕ್ಕವರನ್ನು ಹರಸಿ ಪತ್ರ ಮುಗಿಸುವುದು ಪದ್ಧತಿ. ಈ ಸಲ ನಾನೇ ಕೇಳಿಕೊಳ್ಳುತ್ತೇನೆ: ನೀವೆಲ್ಲರೂ ಮನೆಯಲ್ಲಿ ಗಟ್ಟಿಯಾಗಿರಿ, ನಿಮ್ಮ ಸುದ್ದಿ ಹೇಳಲು ಯಾವ ಹುಡುಗಿಯೂ ಫೋನು ಎತ್ತುವ ಹಾಗಾಗದಿರಲಿ. ನನಗೂ ಒಂದು ಆಶೀರ್ವಾದ ಕಳಿಸು.

ನಿನ್ನ
ಕೂಸು

ಮರೆತ ಮಾತು: ಮರೆತಿರಲಿಲ್ಲ ಅಮ್ಮಾ. ಮೇಲೆ ಬರೆಯಲಾಗಲಿಲ್ಲ.

ಆ ಸೋಮವಾರ ನಾನು ಮೊದಲು ಹೇಳಿದ್ದು “ಇದ್ದ ಹಾಗೇ ಇದ್ದಾರೆ” ಅಂತಲೇ. ಆಕೆ, “ಇದ್ದ ಹಾಗೆ ಅಂದ್ರೆ ಕಷ್ಟದಲ್ಲೇ ಇದ್ದಾರೆ ಅಲ್ವಾ? ಬಂದು ಒಂದ್ಸಲ ನೋಡ್ಲಾ?” ಅಂದರು. ಹೂಂ ಅಂದಿದ್ದರೆ ನಾನು ಗಾಜು ತಟ್ಟಿ ಮೇಟ್ರನ್ ಅವರನ್ನು ಕೇಳಬೇಕಿತ್ತು. ಆಮೇಲೆ ಸೂಟು ಹಾಕಿಕೊಂಡು ಆಕೆಯ ಪಕ್ಕ ಆ ಪಡಸಾಲೆಯಲ್ಲಿ ಹತ್ತು ನಿಮಿಷ ನಿಲ್ಲಬೇಕಿತ್ತು. ನಾನು ಅಲ್ಲಿಗೆ ಒಂದು ಸಲವೂ ಹೋಗಿರಲಿಲ್ಲ, ಹೆದರಿಕೆ. ಅದಕ್ಕೇ “ಏನೂ ತೊಂದರೆ ಇಲ್ಲ, ಬರೋದು ಬೇಡ” ಅಂದುಬಿಟ್ಟೆ. ಕನ್ನಡ ನನಗೆ ಗೊತ್ತಿತ್ತು. ಗೇಟಿನ ಹತ್ತಿರ ಮೇಟ್ರನ್ ನನ್ನ ಮುಖ ನೋಡಿ ‘ಎಲ್ಲಿ ಓದಿದ್ದು’ ಅಂತ ಕೇಳಿದಾಗ ನನಗೊಂದು ಬಾಗಿಲು ಸಿಕ್ಕಂತಾಯಿತು, ನುಗ್ಗಿಬಿಟ್ಟೆ. ಅಜ್ಜನ ಮಗಳೂ ಅದನ್ನು ನಂಬಿದರು. ತಾನು ‘ಬರ್ಲಾ’ ಅಂತ ಕೇಳಿದ್ದನ್ನು ಆಕೆ ದೂರಿನಲ್ಲಿ ಬರೆದಿಲ್ಲವಂತೆ. ತನ್ನ ಒತ್ತಾಯವೇ ಸಾಲಲಿಲ್ಲ ಅಂದುಕೊಂಡಿರಬೇಕು.

ಮೇಟ್ರನ್ ನಾಳೆ ಭಾನುವಾರವೂ ಇರುತ್ತಾರೆ, ಬೆಳಗ್ಗೆ ಎಂಟಕ್ಕೆ ತಮ್ಮ ರೂಮಿಗೆ ಬರುತ್ತಾರೆ. ನಾನು ಮೊದಲು ಅಲ್ಲಿಗೆ ಹೋಗುತ್ತೇನೆ. ಅಂಚೆ ಡಬ್ಬಿ ಇರುವುದು ಅವರ ರೂಮು ದಾಟಿದ ಮೇಲೆ. ಈ ಪತ್ರ ನಿನ್ನ ಕೈಗೆ ಬಂದಿದ್ದರೆ ಅವರಿಗೆ ಹೇಳಿದ್ದೇನೆ ಅಂತ ತಿಳಿ.